ಕಮಾಂಡರ್ ತಿಂದ ಎಂಟು ಪುರಿ

ತಪ್ಪು ನಂದ ಐತಿ, ಮೊದ್ಲ ಹೇಳಿಬಿಡ್ತೇನಿ. ಸ್ಕ್ಯಾನಿಂಗ್ ಮಷೀನಿಂದೂ ಸ್ವಲ್ಪ ಐತಿ, ಆದ್ರ ಅದು ಬಂದು ಸಾಕ್ಷಿ ಹೇಳೂದಿಲ್ಲ.

ಸೋಮವಾರ ಕಮಾಂಡರ್ ಅಜ್ಜನ್ನ ಧಾರವಾಡದ ಒಂದು ದವಾಖಾನಿಗೆ ಕರ್ಕೊಂಡು ಹೋಗಿದ್ದೆ. ಅಂವಾ ನಮ್ಮ ಆಯಿ, ಅಂದ್ರ ಅಜ್ಜಿ, ಹೊಳೆವ್ವನ ತಮ್ಮ. ಹೊಟ್ಟ್ಯಾಗಿನ ದೊಡ್ಡ ರಕ್ತನಾಳ ಬಲೂನಿನಂಗ ಊದೇತಿ, ಶುಕ್ರವಾರ ಆಪರೇಷನ್, ಅದಕ್ಕ ಮೊದ್ಲ ಇನ್ನೊಂದು ಸಲ ಒಳಗಿನ ಫೋಟೋ ಬೇಕು ಅಂದಿದ್ರು. ಮಷೀನ್ ರೂಮಿನ ಬಾಗಲದಾಗ ನಿಂತಿದ್ದ ಹುಡುಗ ಮೈಮ್ಯಾಲ ಲೋಹ ಏನೂ ಇರಬಾರ್ದು ಅಂತ ವಾಚು, ಬೆಲ್ಟು, ಉಂಗುರ ಎಲ್ಲಾ ತೆಗಿಸಿದ. ಕಡೀಕ ಕೊಳ್ಳಾಗಿನ ಕರಡಿಗಿ ಕಡೆ ಬಟ್ಟು ತೋರ್ಸಿದ.

ಕರಡಿಗಿ ಅಂದ್ರ ತತ್ತಿಯಷ್ಟು ದೊಡ್ಡ ಬೆಳ್ಳಿ ಡಬ್ಬಿ. ಅದರೊಳಗ ಇಷ್ಟಲಿಂಗ ಇರ್ತೈತಿ. ನಮ್ಮ ಮಂದಿಗೆ ಹುಟ್ಟಿದ ಕೂಡ್ಲೆ ಮನಿತನದ ಗುರು ಅಯ್ಯನಾರು ಬಂದು ಕಟ್ತಾರ. ಸತ್ತಮ್ಯಾಲ ಕುಂದ್ರಿಸಿ ಮಣ್ಣು ಕೊಡೂಮುಂದ ಅದನ್ನ ತೆಗದು ಅಂಗೈಯಾಗ ಇಡ್ತಾರ. ನಡುವ ಒಂದು ಗಳಿಗಿನೂ ಮೈಯಿಂದ ದೂರ ಮಾಡಂಗಿಲ್ಲ. ಅಕಸ್ಮಾತ್ ಕಳೀತಂದ್ರ ಸಿಗೂತನಕ ತುತ್ತು ಅನ್ನ ಇಲ್ಲ, ಗುಟುಕು ನೀರಿಲ್ಲ. ನಂದು ಮೂರು ವರ್ಷದಿಂದ ಕಪಾಟಿನ್ಯಾಗ ಐತಿ, ಅದು ಬ್ಯಾರೆ ಮಾತು. ನನ್ನ ಮ್ಯಾಲ ಆಯಿ ಆಸೆ ಬಿಟ್ಟಾಳ.

ಅಜ್ಜ ಹತ್ತು ನಿಮಿಷ ವಾದ ಮಾಡಿದ. ಮಷೀನ್ ಬಂದ್ ಆಗ್ತೈತೇನು, ಎಷ್ಟು ಅಯಸ್ಕಾಂತ ಶಕ್ತಿ, ಬೆಳ್ಳಿ ಅದಕ್ಕ ಎಳೀತೈತೇನು ಅಂತ ಇಂಜಿನಿಯರ್ ಪ್ರಶ್ನೆ ಮ್ಯಾಲ ಪ್ರಶ್ನೆ. ಹುಡುಗ ಜಗ್ಗಲಿಲ್ಲ. ಅಜ್ಜ ದಾರ ಬಿಚ್ಚಿ ಕರಡಿಗಿನ ನನ್ನ ಕೈಯಾಗ ಇಟ್ಟ.

"ಸಹನಾ, ಇದನ್ನ ತೆಗೀಬ್ಯಾಡ. ಆರ್ಡರ್."

ನನಗ ಆರ್ಡರ್ ಕೊಡೂದಂದ್ರ ಬೆಂಕಿಪಟ್ಣ ಕೊಟ್ಟು ಕಡ್ಡಿ ಗೀರಬ್ಯಾಡ ಅಂದಂಗ. ನನ್ನ ಚೀಲದಾಗ ಒಂದು ಹಸರು ಪೆಪ್ಪರಮಿಂಟ್ ಇತ್ತು. ಪ್ಲ್ಯಾನ್ ಸರಳ: ಲಿಂಗದ ಬಾಜೂಕ ಅದನ್ನ ಇಡೂದು, ನಾಳೆ ಮುಂಜಾನೆ ಪೂಜಾ ಹೊತ್ತಿನ್ಯಾಗ ಅಜ್ಜ ಮುಚ್ಚಳ ತೆಗದಾಗ ಬಾಗಲ ಸಂದಿಯಿಂದ ಮಾರಿ ನೋಡೂದು. ತೆಗದೆ. ವಿಭೂತಿ ಹತ್ತಿದ ಬಿಳಿ ಅರಬಿ ಇತ್ತು. ಅರಬಿ ಬಿಚ್ಚಿದೆ. ಒಳಗ ಹಿತ್ತಾಳಿದೊಂದು ಬಟನ್. ಅದರ ಮ್ಯಾಲ ಹಡಗಿನ ಲಂಗರದ ಚಿತ್ರ.

ಲಿಂಗ ಇರಲಿಲ್ಲ.

ನನ್ನ ತಲ್ಯಾಗ ಯಾವಾಗ್ಲೂ ಹಿನ್ನೆಲೆ ಸಂಗೀತ ಬಾರಸ್ತಿರ್ತೈತಿ, ಆವತ್ತು ಫಸ್ಟ್ ಟೈಮ್ ಕರೆಂಟ್ ಹೋತು. ಪೆಪ್ಪರಮಿಂಟ್ ನಾನ ತಿಂದೆ.

ಕಮಾಂಡರ್ ನಾಗಲಿಂಗಪ್ಪ ಅಂದ್ರ ದಾಂಡೇಲ್ಯಾಗ ಗೊತ್ತಿಲ್ಲದವರಿಲ್ಲ. ಅಪ್ಪ ಪೇಪರ್ ಮಿಲ್ಲಿನ್ಯಾಗ ಬಿದರು ಕತ್ತರಿಸೂ ಮಷೀನಿನ ಮ್ಯಾಲ ಇದ್ದಾಂವ. ಮಗ ಕಾಳಿ ಹೊಳ್ಯಾಗ ಈಜ ಕಲತು, ಮಿಲ್ಲಿನ ಭೋಂಗಾ ಕೂಗೂದು ಕೇಳಿ ಎದ್ದು ಓದಿ, ಇಪ್ಪತ್ತನೇ ವರ್ಷಕ್ಕ ಇಂಜಿನಿಯರಂತ ನೌಕಾಪಡೆ ಸೇರಿದ. ಎಪ್ಪತ್ತೊಂದರ ಯುದ್ಧದಾಗ ಇಪ್ಪತ್ತೈದು ವರ್ಷದ ಲೆಫ್ಟಿನೆಂಟ್. ಪೂರ್ವದ ಕಡೆ, ಹೊಳಿ ಸಮುದ್ರ ಸೇರೂ ಜಾಗಾದಾಗ, ಅಂವನ ಸಣ್ಣ ಹಡಗಿಗೆ ನೀರಾಗ ಹುದುಗಿಸಿಟ್ಟ ಬಾಂಬ್ ಬಡೀತು. ಇಂಜಿನ್ ರೂಮಿಗೆ ಬೆಂಕಿ. ಇಂವಾ ಮೂರು ಸಲ ಒಳಗಿಳದು ನಾಕು ಮಂದಿನ್ನ ಎಳಕೊಂಡು ಬಂದ. ಅದಕ್ಕ ರಾಷ್ಟ್ರಪತಿ ಕೈಯಿಂದ ಶೌರ್ಯದ ಪದಕ. ಆಮ್ಯಾಲ ಕೊಚ್ಚಿ, ಮುಂಬೈ, ವಿಶಾಖಪಟ್ಟಣ. ಮೂವತ್ತು ವರ್ಷ ಹಡಗಿನ ಹೊಟ್ಟ್ಯಾಗ. ಹೆಂಡತಿ ತೀರಿಕೊಂಡ ಮ್ಯಾಲ ಒಂದು ಟ್ರಂಕ್ ಹೊತ್ತು ಅಕ್ಕನ ಮನಿಗೆ ಬಂದ, ಇಪ್ಪತ್ತೆರಡು ವರ್ಷ ಆತು. ಪ್ರತಿ ಡಿಸೆಂಬರಿಗೆ ಸಾಲಿ ಹುಡುಗರ ಮುಂದ ಆ ಮೂರು ಸಲದ ಕಥಿ ಹೇಳ್ತಾನ. ನಾ ಹಿಂದ ನಿಂತು ಬಾಯಿಲೆ ಸ್ಫೋಟದ ಸೌಂಡ್ ಕೊಡ್ತೇನಿ.

ಒಂದು ಕಡೆ ಕುಂಡ್ರೂ ಮನಶ್ಯಾ ಅಲ್ಲ. ಉಣ್ಣೂದು ಐದು ನಿಮಿಷ, ಅದೂ ಪ್ಲೇಟ್ ಹಿಡಕೊಂಡು ಅಡ್ಡಾಡಿಕೋಂತ. ಪೇಪರ್ ಓದೂಮುಂದ ಕಾಲು ಅಲುಗಾಡ್ತಿರ್ತಾವ. ಮನಿ ಮುಂದಿನ ರಸ್ತಾ ದಿನಕ್ಕ ನಲವತ್ತು ಸಲ ಅಳೀತಾನ. ಹಡಗಿನ ರೂಢಿ ಅಂತ ನಾವೆಲ್ಲಾ ನಗ್ತಿದ್ವಿ.

ಸ್ಕ್ಯಾನ್ ಮುಗಿಸಿ ವಾಪಸ್ ಹೊಂಟ್ವಿ. ಟೂರಿಸ್ಟ್ ಮಂದಿನ್ನ ಅಣಶಿ, ಉಳವಿ ತಿರಗ್ಸೂ ಜೀಪ್ ನಂದು. ಸ್ಟೇರಿಂಗ್ ಹಿಡದ್ರ ನನ್ನ ಬಾಯಿ ತಾನ ಓಡ್ತೈತಿ. ಹಳಿಯಾಳದ ಗೋವಿನಜೋಳದ ಹೊಲ ಶುರು ಆಗೂತನಕ ತಡಕೊಂಡೆ. ಆಮ್ಯಾಲ ಖಳನಾಯಕನ ದನಿ ತೆಗದೆ.

"ಕಮಾಂಡರ್... ಗುಹಿ ಐತಿ, ಗುಹಿಗೆ ಬೆಳ್ಳಿ ಬಾಗಲಾ ಐತಿ, ಹುಲಿ ಎಲ್ಲಿ ಐತಿ?"

ನಗ್ತಾನ, ಇಲ್ಲಾ ಬೈತಾನ ಅಂದ್ಕೊಂಡಿದ್ದೆ. ಅಂವಾ ಗಾಡಿ ನಿಲ್ಸು ಅಂದ. ನಿಲ್ಸಿದೆ. ಇಳದು ಹೊಲದ ಬದುವಿನ ಮ್ಯಾಲ ಆ ಕಡೆ ಈ ಕಡೆ ಅಡ್ಡಾಡಿದ. ಕೈ ಎರಡೂ ಬೆನ್ನ ಹಿಂದ. ಎಣಿಸಿದೆ, ಹನ್ನೊಂದು ಸಲ.  ಚೇಷ್ಟಿ ಮಾಡಾಕ ಹೋಗಿ ಏನೋ ಮುರದೇನಿ ಅನಸ್ತು, ಏನು ಅಂತ ತಿಳೀವಲ್ದು.

ಆಮ್ಯಾಲ ಅಂವಾ ಜೀಪಿನ ಬಾನೆಟ್ಟಿಗೆ ಆತು ನಿಂತು ಹೇಳಿದ. ಸಾಲಿ ಹುಡುಗರ ಮುಂದ ಹೇಳೂ ದನಿ ಅಲ್ಲ ಅದು.

ಮೂರನೇ ಸಲ ಅಂವಾ ಎತ್ತಿಕೊಂಡು ಬಂದದ್ದು ದುರ್ಗಪ್ಪ ಅನ್ನೂ ಹುಡುಗನ್ನ. ಬಾಯ್ಲರ್ ಕೆಲಸದಾಂವ, ಹತ್ತೊಂಬತ್ತು ವರ್ಷ, ಗದಗಿನ ಕಡ್ಯಾಂವ. ಇಡೀ ಹಡಗಿನ್ಯಾಗ ಕನ್ನಡ ಮಾತಾಡಾವ್ರು ಅವರಿಬ್ಬರ ಇದ್ರು. ಹಡಗು ಮುಳುಗಿತು. ಇಬ್ಬರೂ ಒಂದು ಕಟಗಿ ಹಲಗಿ ಹಿಡಕೊಂಡು ನೀರಾಗ. ದುರ್ಗಪ್ಪನ ಮೈ, ಬಲಗೈ ಸುಟ್ಟಿತ್ತು, ಜೀವದ ಆಸೆ ಬಿಟ್ಟು ಹಲಗಿ ಬಿಡಾಕ ಹತ್ತಿದ್ದ. ದೂರದಾಗ ಇನ್ನೊಬ್ಬ ಕೂಗ್ತಿದ್ದ, ಅಜ್ಜ ಅವನ ಕಡೆ ಈಜಬೇಕು. ಈ ಹುಡುಗನ್ನ ಹೆಂಗ ಬಿಟ್ಟು ಹೋಗೂದು? ಅಜ್ಜ ಕರಡಿಗಿಯಿಂದ ಲಿಂಗ ತೆಗದು ಅವನ ಎಡಗೈ ಮುಷ್ಟ್ಯಾಗ ಇಟ್ಟ. ಇದು ನನ್ನ ಜೀವ, ನೀ ಇದನ್ನ ಕಳದ್ರ ನಾ ಉಪವಾಸ ಸಾಯ್ತೇನಿ, ನಾ ಬರೂತನಕ ಹಿಡಕೋ ಅಂದ.

"ಅಂವಾ ಏನಂದ ಗೊತ್ತೇನು? 'ಸಾಹೇಬ್ರ, ಇದನ್ನ ನಾ ಮುಟ್ಟಬಹುದೇನ್ರೀ?' ಅಂದ. ಮೈಯೆಲ್ಲಾ ಸುಟ್ಟೇತಿ, ಸುತ್ತ ನೀರು, ಅದನ್ನ ಕೇಳ್ದ."

"ನೀ ಏನಂದಿ?"

"ಮುಟ್ಟು ಅಂದೆ. ಆರ್ಡರ್ ಅಂದೆ."

ಅಂವಾ ಹಿಡಕೊಂಡ. ಮೀನುಗಾರರ ದೋಣಿ ಒಂದು ಅವನ್ನ ಎತ್ತಿಕೊಂಡು ಹೋತು. ಅಜ್ಜನ್ನ ಬ್ಯಾರೆ ಹಡಗು ಬೆಳಗಾದ ಮ್ಯಾಲ ಎತ್ತಿತು. ದಡ ಮುಟ್ಟಿದ ಕೂಡ್ಲೆ ಅಡಿಗ್ಯಾಂವ ಬಿಸಿ ಪುರಿ, ಬಟಾಟಿ ಪಲ್ಯ ಕೊಟ್ಟ. ಅಜ್ಜನ ಕೊಳ್ಳಾಗ ಖಾಲಿ ಕರಡಿಗಿ. ಕೈಯಾಗ ಪುರಿ. ಎಂಟು ತಿಂದ.

"ನನ್ನ ಜೀವಮಾನದಾಗ ಅಷ್ಟು ರುಚಿ ಮತ್ತೊಮ್ಮೆ ಸಿಗಲಿಲ್ಲ," ಅಂದ. "ಅದ ನನಗ ತ್ರಾಸ ಕೊಡೂದು."

ನಾಕನೇ ದಿನ ದವಾಖಾನಿ ಹುಡಕಿಕೊಂಡು ಹೋದ. ದುರ್ಗಪ್ಪ ಹಿಂದಿನ ದಿನಾನ ತೀರಿಕೊಂಡಿದ್ದ. ಎಡಗೈ ಮುಷ್ಟಿ ಬಿಚ್ಚಿರಲಿಲ್ಲ. ಯಾರು ಬಿಡಸಾಕ ಹೋದ್ರೂ ಸಾಹೇಬ್ರು ಬರ್ತಾರ ಅಂತಿದ್ದನಂತ. ಒಳಗ ಏನೋ ಐತಿ, ಬಟ್ಟು ಮುರದು ತೆಗೀಬೇಕಾಗ್ತೈತಿ, ತೆಗೀಲೇನು ಅಂತ ಅಲ್ಲಿ ಆಳು ಕೇಳ್ದ. ಬ್ಯಾಡ ಅಂದು ಅಜ್ಜ ಹೊರಗ ಬಂದ. ಆವತ್ತ ಅಂಗಿದೊಂದು ಬಟನ್ ಕಿತ್ತು ಕರಡಿಗ್ಯಾಗ ಹಾಕಿದ, ಖಾಲಿ ಕರಡಿಗಿ ಕೊಳ್ಳಾಗ ಹಗರ ಅನಸ್ತಿತ್ತಂತ.

ಹೊಸಾ ಲಿಂಗ ಕಟ್ಟಿಸ್ಕೊಳ್ಳಾಕ ಏನಾಗಿತ್ತು ಅಂತ ಕೇಳಿದೆ. ಅದಕ್ಕ ಅಯ್ಯನಾರ ಮುಂದ ಕುಂತು ಹಳೇದು ಎಲ್ಲಿ ಹೋತು, ಆಮ್ಯಾಲ ಉಂಡ್ಯೋ ಇಲ್ಲೋ ಅಂತ ಹೇಳಬೇಕು. ಮೊದ್ಲ ವಾರ ಹೇಳಬಹುದಿತ್ತು. ಅಷ್ಟರಾಗ ಪದಕ ಬಂತು, ದಾಂಡೇಲ್ಯಾಗ ಮೆರವಣಿಗಿ ಆತು, ಆಯಿ ಆರತಿ ಮಾಡಿ ಕೈಯಾರೆ ಹೋಳಿಗಿ ನೀಡಿದ್ಲು. ಉಂಡ. "ಒಂದು ದಿನದ್ದು ತಪ್ಪು ಅಂತಾರ ಸಹನಾ. ಹತ್ತು ವರ್ಷ ಆತಂದ್ರ ಅದು ನೌಕರಿ."

ಈಗ ಶುಕ್ರವಾರ ಹಂತ್ಯಾಕ ಬಂದೈತಿ. ಡಾಕ್ಟರು ಅರ್ಧಕ್ಕರ್ಧ ಚಾನ್ಸ್ ಅಂದಾರ. ಎಚ್ಚರಾಗಲಿಲ್ಲ ಅಂದ್ರ ಅಯ್ಯನಾರು ಕರಡಿಗಿ ತೆಗದು ಅಂಗೈಯಾಗ ಇಡಾಕ ಹೋಗ್ತಾರ, ಅಕ್ಕನ ಕಣ್ಣ ಮುಂದ ಬಟನ್ ಬೀಳ್ತೈತಿ, ಉತ್ತರ ಹೇಳಾಕ ತಾ ಇರಂಗಿಲ್ಲ. ಸಾಯೂದಕ್ಕ ಹೆದರಿಕಿಲ್ಲ ಅಂವಗ. ಹೆದರಿಕಿ ಇದಕ್ಕ.

ಅಕ್ಕ ಅಂದ್ರ ಯಾರಂತ ತಿಳೀಬೇಕಲ್ಲ. ನಮ್ಮ ಆಯಿಗೆ ಎಂಬತ್ನಾಕು, ಸಕ್ಕರಿ ಬ್ಯಾನಿ. ಒಮ್ಮೆ ಅಕಿ ಲಿಂಗದ ದಾರ ಹರದು ಎಲ್ಲೋ ಬಿತ್ತು. ಎರಡು ದಿನ ನೀರು ಮುಟ್ಟಲಿಲ್ಲ, ಗುಳಗಿ ಮುಟ್ಟಲಿಲ್ಲ, ಮಾತಾಡಲಿಲ್ಲ. ಜ್ವಾಳದ ಡಬ್ಬ್ಯಾಗ ಸಿಕ್ಕಮ್ಯಾಲ ಜಳಕಾ ಮಾಡಿ ಉಂಡ್ಲು. ನಾ ಆಗ ಹಸಿದ ಸಿಂಹಿಣಿ ಅಂತ ರೀಲ್ ಮಾಡಾಕ ಹೋಗಿ ಕಪಾಳಕ್ಕ ತಿಂದಿದ್ದೆ.

ಪರಿಹಾರ ನನಗ ಭಾಳ ಹಗರ ಕಂಡ್ತು. ನಮ್ಮ ಮನಿತನದ ಅಯ್ಯನಾರು ಅಡಿವೆಯ್ಯ ಮುಂಡಗೋಡದ ಹಂತ್ಯಾಕ ಹಳ್ಳ್ಯಾಗ ಅದಾರ. ಗುಪ್ತ ಆಪರೇಷನ್: ನಾಳೆ ಹೋಗೂಣು, ಕಟ್ಟಿಸ್ಕೊಂಡು ಬರೂಣು, ಆಯಿಗೆ ಇನ್ನೊಂದು ಸ್ಕ್ಯಾನ್ ಅನ್ನೂಣು, ಶುಭಂ. ಅಲ್ಲೇ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಅಜ್ಜ ಸೆಟೆದು ನಿಂತು ಎಲ್ಲಾ ಹೇಳಿದ, ವರದಿ ಒಪ್ಪಿಸಿದಂಗ. ಅಡಿವೆಯ್ಯನಾರು ಅರ್ಧಾ ತಾಸು ಕೇಳಿದ್ರು. ನಡುವ ಒಂದು ಸಲ ಆಕಳಕ್ಕ ಹುಲ್ಲು ಹಾಕಂತ ಯಾರಿಗೋ ಹೇಳಿದ್ರು, ಅಷ್ಟ.

ಕಡೀಕ ಅಂದ್ರು: "ಹೊಳೆವ್ವಗ ಗೊತ್ತೇನು?"

ಇಲ್ರೀ, ಗೊತ್ತಾಗಬಾರದ್ರೀ ಅಂದ ಅಜ್ಜ.

"ಹಂಗಾರ ಆಗೂದಿಲ್ಲ. ಒಂದು ಒಲಿ ಮ್ಯಾಲ ಉಣ್ಣಾವ್ರು ನೀವು. ಅಕಿಗೆ ತಿಳೀದಂಗ ಕಟ್ಟಿದ್ರ ಅದು ಕಟ್ಟೂದಲ್ಲ, ಮುಚ್ಚೂದು. ಹೇಳಿ, ಅಕಿನ್ನ ಕರ್ಕೊಂಡು ಬರ್ರಿ."

ಇಟ್ಟುಬಿಟ್ರು. ನನ್ನ ಪ್ಲ್ಯಾನು ಫಸ್ಟ್ ಶೋಗೇ ಥಿಯೇಟರಿನಿಂದ ಎತ್ತಿಬಿಟ್ರು.

ಮಂಗಳವಾರ ಇಡೀ ದಿನ ಮನ್ಯಾಗ ಇಂಜಿನ್ ಓಡಿದಂಗ. ಅಜ್ಜ ಅಡಿಗಿ ಮನಿ ಹೊಸ್ತಲದ ತನಕ ಹೋಗಾಂವ, ಆಯಿ ತಲಿ ಎತ್ತಿ ಏನ ನಾಗ್ಯಾ ಅಂದ್ರ ಉಪ್ಪು ಬೇಕಿತ್ತು ಅನ್ನಾಂವ. ಉಪ್ಪಿನ ಬರಣಿ ತಗೊಂಡು ಹೊರಗ ಬರಾಂವ. ಮತ್ತ ಹೋಗಾಂವ, ಈ ಸಲ ಬರಣಿ ಕೊಡಾಕ. ಮಧ್ಯಾಹ್ನದ ಭೋಂಗಾ ಆತು, ಉಣ್ಣಾಕ ಕರದ್ಲು, ಹಸಿವಿಲ್ಲ ಅಂದ. ಆಪರೇಷನ್ನಿನ ಹೆದರಿಕಿ ಅಂತ ತಿಳಕೊಂಡ್ಲು ಅಕಿ. ಯುದ್ಧ ಮಾಡಿದಾಂವಗ ಬ್ಲೇಡಿನ ಅಂಜಿಕಿ ಏನೋ ಅಂತ ಚೇಷ್ಟಿ ಮಾಡಿದ್ಲು. ನಾ ಅವಂಗ ಒಂದು ಡೈಲಾಗ್ ಬರದು ಕೊಟ್ಟೆ, ಅಕ್ಕಾ ಈ ಎದಿಯೊಳಗ ಒಂದು ಸಮುದ್ರ ಐತಿ ಅಂತ ಶುರು ಆಗೂವಂಥಾದ್ದು. ಓದಿ ಮಡಚಿ ಟೇಬಲ್ಲಿನ ಕಾಲಿಗೆ ಆಧಾರ ಕೊಟ್ಟ. ಟೇಬಲ್ ಅಲುಗಾಡೂದು ನಿಂತ್ತು, ಅಂವಂದು ನಿಲ್ಲಲಿಲ್ಲ. ಚಾ ಕೊಟ್ರೂ ಕುಡೀಲಿಲ್ಲ. ಆಗ ಗೊತ್ತಾತು ನನಗ: ಅಂವಾ ಉಪವಾಸ ಶುರು ಮಾಡ್ಯಾನ. ಐವತ್ನಾಕು ವರ್ಷ ತಡಾ.

ಬುಧವಾರ ಮುಂಜಾನೆ ಪೂಜಾ. ದಿನಾ ಇಬ್ಬರೂ ದೇವರ ಕೋಲ್ಯಾಗ ಕುಂಡ್ರತಾರ. ಆಯಿ ಲಿಂಗ ತೆಗದು ಎಡಗೈಯಾಗ ಇಟ್ಕೊಂಡು ನೋಡ್ತಾಳ. ಅಜ್ಜ ಯಾವಾಗ್ಲೂ ಗ್ವಾಡಿ ಕಡೆ ಮಾರಿ ಮಾಡಿ ಕುಂಡ್ರತಿದ್ದ, ಏಕಾಗ್ರತಾ ಬೇಕಂತ. ಆವತ್ತು ಅಕ್ಕನ ಎದುರಿಗೆ ಕುಂತ. ಕರಡಿಗಿ ಬಿಚ್ಚಿ ಬಟನ್ ತೆಗದು ಅಂಗೈಯಾಗ ಇಟ್ಕೊಂಡು ಕೈ ಮುಂದ ಚಾಚಿದ.

ಆಯಿ ನೋಡಿದ್ಲು. ಮೊದ್ಲ ತನ್ನ ಲಿಂಗ ಒಳಗ ಇಟ್ಕೊಂಡು ಸೆರಗು ಸರಿ ಮಾಡ್ಕೊಂಡ್ಲು. ಆಮ್ಯಾಲ ಯಾವಾಗಿಂದ ಅಂತ ಕೇಳಿದ್ಲು. ಅಜ್ಜ ನೀರು, ಹಲಗಿ, ದುರ್ಗಪ್ಪ, ದವಾಖಾನಿ, ಎಲ್ಲಾ ಹೇಳಿದ. ಮೂರು ಸಲದ ಕಥಿ ಹೇಳಾಂವ ಅಲ್ಲೇ ಇದ್ನೋ ಇಲ್ಲೋ ಅನ್ನೂವಷ್ಟು ಸಣ್ಣ ದನಿ.

"ಉಂಡದ್ದು ಯಾವಾಗ?"

"ಮರುದಿನ ಮುಂಜಾನೆ. ಪುರಿ."

"ಎಷ್ಟು?"

"ಎಂಟು."

ನನಗ ನಗಿ ಬಂತು, ಹೆದರಿಕಿ ನಗಿ. ಆಯಿ ಎದ್ದು ಅಡಿಗಿ ಮನಿಗೆ ಹೋಗಿ ಗ್ಯಾಸ್ ಬಂದ್ ಮಾಡಿದ್ಲು. ರೊಟ್ಟಿ ಹಿಟ್ಟಿನ ಮ್ಯಾಲ ಅರಬಿ ಮುಚ್ಚಿದ್ಲು. ಗುಳಗಿ ಡಬ್ಬಿ ಕಪಾಟಿನ್ಯಾಗ ಒಳಗ ದಬ್ಬಿದ್ಲು. ಹೊಸ್ತಲದಾಗ ನಿಂತು ಹೇಳಿದ್ಲು:

"ಕೊಟ್ಟದ್ದು ತಪ್ಪಲ್ಲ ನಾಗ್ಯಾ. ಉಂಡದ್ದೂ ತಪ್ಪಲ್ಲ, ಹಸದಿದ್ದಿ. ಇಪ್ಪತ್ತೆರಡು ವರ್ಷ ನನ್ನ ಕೈಲೆ ನೀಡಿಸ್ಕೊಂಡು, ನನ್ನ ಬಾಜೂಕ ಕುಂತು ಬಟನ್ನಿಗೆ ವಿಭೂತಿ ಹಚ್ಚಿದಿ. ನಾ ಇನ್ನ ನಿನ್ನ ಜೋಡಿ ಉಣ್ಣೂದಿಲ್ಲ."

ಕಟ್ಟಿಸ್ಕೊಂಡ ಮ್ಯಾಲ? ಅಂತ ನಾ ಬಾಯಿ ಹಾಕಿದೆ. ಅಕಿ ಗಾಡಿ ತಗೀ ಅಂದ್ಲು, ಮುಂಡಗೋಡಕ್ಕ. ಗುಳಗಿ ನುಂಗು ಅಂದೆ, ಇಂವಗ ಲಿಂಗ ಕಟ್ಟೂತನಕ ಒಲ್ಲೆ ಅಂದ್ಲು. ಎಂಬತ್ನಾಕು ವರ್ಷದ ಸಕ್ಕರಿ ಬ್ಯಾನಿಯಾಕಿ ಒಬ್ಬಾಕಿ, ನಿನ್ನೆಯಿಂದ ಏನೂ ತಿನ್ನದ ಎಪ್ಪತ್ತೊಂಬತ್ತರ ಪೇಷಂಟ್ ಒಬ್ಬಾಂವ, ನಡುವ ನಾನು. ಜೀಪಿನ್ಯಾಗ ಇಷ್ಟು ಸ್ಫೋಟಕ ನಾ ಯಾವತ್ತೂ ಸಾಗಿಸಿದ್ದಿಲ್ಲ.

ಆಯಿ ಹಿಂದ ಕುಂತ್ಲು, ಅಜ್ಜ ಮುಂದ. ಹಳಿಯಾಳ ದಾಟೂತನಕ ಅಜ್ಜನ ಮಣಕಾಲು ಡ್ಯಾಶ್‌ಬೋರ್ಡಿಗೆ ಟಕ ಟಕ ಬಡೀತಿತ್ತು. ನಾ ಎರಡು ಮಿಮಿಕ್ರಿ ಮಾಡಿದೆ, ಒಂದಕ್ಕೂ ಸೀಟಿ ಬೀಳಲಿಲ್ಲ. ಕಲಘಟಗಿ ಹಂತ್ಯಾಕ ಆಯಿ ಒಮ್ಮೆಲೇ ಕೇಳಿದ್ಲು, ಆ ಹುಡುಗಗ ಮನ್ಯಾಗ ಯಾರಿದ್ರು ಅಂತ.

"ಅವ್ವ ಇದ್ಲು. ಕೆಂಚವ್ವ ಅಂತ."

"ಹೋಗಿ ಮಾತಾಡಿಸಿದ್ಯೇನು?"

ಹೋಗಿರಲಿಲ್ಲ. ಪತ್ರ ಬರದಿದ್ದ. ಹೆಂಗ ಬರದಿದ್ದಿ ಅಂದ್ಲು. ಅಜ್ಜ ಕಿಡಕಿ ಕಡೆ ತಿರುಗಿ, "ಇಂಗ್ಲಿಷಿನ್ಯಾಗ," ಅಂದ. ಟೈಪ್ ಮಾಡಿಸಿದ್ದು, ಸಿಕ್ಕಾ ಹೊಡದದ್ದು. ನಿಮ್ಮ ಮಗ ಕರ್ತವ್ಯದಾಗ ವೀರಮರಣ ಹೊಂದಿದ ಅಂತ. ಮುಷ್ಟಿ ವಿಚಾರ ಅದರಾಗ ಇರಲಿಲ್ಲ.

ಕನ್ನಡಿಯೊಳಗ ಆಯಿ ಮಾರಿ ನೋಡಿದೆ. ಅಕಿ ಕಣ್ಣು ಮುಚ್ಚಿ ಕುಂತಿದ್ಲು. ನಿದ್ದಿ ಅಲ್ಲ. ಸೆರಗಿನಿಂದ ಹಣಿ ಬೆವರು ಒರಿಸ್ಕೊಂಡ್ಲು, ಸಕ್ಕರಿ ಇಳದಿತ್ತೋ ಏನೋ. ಎಕ್ಸಲರೇಟರ್ ಒತ್ತಿದೆ. ತಡಸದ ಹಂತ್ಯಾಕ ಕಬ್ಬಿನ ಟ್ರ್ಯಾಕ್ಟರ್ ಸಾಲು. ಹಾರ್ನ್ ಹೊಡದು ಹೊಡದು ಬಟ್ಟು ನೊಂದ್ವು. ಅಜ್ಜ ಇಳದು ಓಡ್ತೇನಿ ಅಂದ. ಹೊಟ್ಟ್ಯಾಗ ಬಲೂನ್ ಇಟ್ಕೊಂಡು.

ಅಡಿವೆಯ್ಯನಾರ ಮನಿ ಮುಟ್ಟಿದಾಗ ಹನ್ನೆರಡು ದಾಟಿತ್ತು. ಅವರ ಹೆಂಡತಿ ನೀಲಕ್ಕ ಆಯಿನ್ನ ನೋಡಿದಾಕಿನ ಬೆಲ್ಲ ನೀರು ತಂದ್ಲು. ಆಯಿ ತಂಬಗಿ ಸರಿಸಿದ್ಲು. ಅಯ್ಯನಾರು ಅದನ್ನ ನೋಡಿ ಅಜ್ಜನ್ನ ಬಾವಿ ಕಟ್ಟಿಗೆ ಕಳಿಸಿ ತಣ್ಣೀರು ಹಾಕಿಸಿದ್ರು. ಕಟಗಿ ಮಣಿ ಮ್ಯಾಲ ಕುಂದ್ರಿಸಿ, ಹಣಿಗೆ ವಿಭೂತಿ ಹಚ್ಚಿ, ಹೊಸಾ ಲಿಂಗನ ಅಂಗೈಯಾಗ ಇಟ್ಟು ಕಿವ್ಯಾಗ ಮಂತ್ರ ಹೇಳಿದ್ರು. ಒಂದು ಪ್ರಶ್ನಿ ಮಾತ್ರ ಜೋರಾಗಿ ಕೇಳಿದ್ರು: ಇಷ್ಟು ವರ್ಷ ಮುಂಜಾನೆ ಕಣ್ಣು ಮುಚ್ಚಿ ಕುಂತು ಏನು ನೆನೀತಿದ್ದಿ ಅಂತ.

ಅಜ್ಜ ಹೇಳಿದ, ಆ ಹುಡುಗನ್ನ. ಅಂವಾ ಕೇಳಿದ ಮಾತನ್ನ. ಬ್ಯಾರೆ ಏನೂ ಬರತಿರಲಿಲ್ಲ.

ಆಯಿ ಕಂಬಕ್ಕ ಆತು ಕುಂತಿದ್ಲು. ಆ ಮಾತಿಗೆ ತಲಿ ಎತ್ತಿದ್ಲು, ಮತ್ತ ಇಳಿಸಿದ್ಲು. ಅಯ್ಯನಾರು ಬಟನ್ ತಗೊಂಡು ಬೆಳಕಿಗೆ ಹಿಡದು ನೋಡಿ, ಇದಕ್ಕೇನು ಪಾಪ ಅಂತ ಕಿಡಕ್ಯಾಗ ಇಟ್ರು. ದಾರ ಕಟ್ಟಿದ್ರು. ಮುಗೀತು. ಸ್ಲೋ ಮೋಷನ್ ಇಲ್ಲ, ಗಾಳಿ ಇಲ್ಲ, ಗಂಟಿ ಇಲ್ಲ. ಹೊರಗ ಆಕಳ ಸಗಣಿ ಹಾಕ್ತು, ಅಷ್ಟ.

ನೀಲಕ್ಕ ಎರಡು ಗಂಗಾಳ ಹಾಕಿದ್ಲು. ರೊಟ್ಟಿ, ಬದನಿಕಾಯಿ, ಮೊಸರು. ಒಂದರ ಮುಂದ ಅಜ್ಜ ನಿಂತ. ಎರಡು ದಿನದ ಹಸಿವಿ. ಗಂಟಲಾಗ ಉಗುಳು ಇಳಿಯೂದು ನನಗ ಕಾಣಸ್ತಿತ್ತು. ಆಯಿ ಇನ್ನೂ ಕಂಬದ ಹಂತ್ಯಾಕ. ನೀಲಕ್ಕ ಬರ್ರಿ ಯವ್ವಾ ಅಂದ್ಲು.  ನನ್ನ ಬಾಯಾಗ ಒಂದೂ ಡೈಲಾಗ್ ಬರಲಿಲ್ಲ, ಬಂದಿದ್ರೂ ನುಂಗತಿದ್ದೆ.

ಅಜ್ಜ ಕುಂಡ್ರಲಿಲ್ಲ.

"ಅಕ್ಕಾ," ಅಂದ. "ನೀ ಉಣ್ಣು. ನಾ ಆಮ್ಯಾಲ ನೋಡ್ತೇನಿ."

ಆಯಿ ಎದ್ಲು. ಗ್ವಾಡಿ ಹಿಡಕೊಂಡು ಬಂದು ತನ್ನ ಗಂಗಾಳ ತಗೊಂಡ್ಲು. ಅದನ್ನ ಅಂವನ ಗಂಗಾಳದಿಂದ ಎರಡು ಮಾರು ದೂರ ಒಯ್ದು, ಅವಂಗ ಬೆನ್ನು ಮಾಡಿ ಕುಂತ್ಲು. ರೊಟ್ಟಿ ಮುರದ್ಲು. ಮೊದಲನೇ ತುತ್ತು ಕೈಯಾಗ ಹಿಡಕೊಂಡು ಸ್ವಲ್ಪ ಹೊತ್ತು ಹಂಗ ಇದ್ಲು, ಆಮ್ಯಾಲ ಬಾಯಿಗೆ ಇಟ್ಲು.

ಅಜ್ಜ ನಿಂತೇ ಇದ್ದ. ಅಡ್ಡಾಡಲಿಲ್ಲ, ಕಾಲು ಅಲುಗಾಡಸಲಿಲ್ಲ. ಆಯಿ ಎರಡು ರೊಟ್ಟಿ ಉಂಡು, ಮೊಸರು ಉಂಡು, ಗಂಗಾಳದಾಗ ಕೈ ತೊಳಕೊಳ್ಳೂತನಕ ನಿಂತ. ಆಮ್ಯಾಲ ಅಕಿ ಹಿಂದ ತಿರಗಿ ನೋಡದ ಹೇಳಿದ್ಲು, ನೀಲಕ್ಕಗ:

"ಅವಂದು ಆರಿರ್ತೈತಿ. ಬಿಸಿದು ಹಾಕು."

ಅಜ್ಜ ಕುಂತ.